ಬಿಳಿ ಕುಂಬಳಕಾಯಿ

೬ ನವೆಂಬರ್ ೧೯೭೮, ಸೋಮವಾರ

ಅಬ್ದುಲ್ ವಹೀದ್ ಸರ್ ಇವತ್ತು ಬಿ.ಎಡ್. ಕ್ಲಾಸಿನಲ್ಲಿ ಎಲ್ಲರಿಗೂ ದಿನಚರಿ ಬರೆಯಲು ಹೇಳಿದರು. ಮನೋವಿಜ್ಞಾನದ ಹಳೆಯ ವಿಧಾನ ಇದೇ ಅಂತೆ. ತನ್ನ ಮನಸ್ಸಿನೊಳಗೆ ತಾನೇ ಇಣುಕಿ, ಕಂಡದ್ದನ್ನು ಕಂಡ ಹಾಗೆ ಬರೆಯುವುದು. ಅಂತರವಲೋಕನ. "ನನಗ ತೋರಿಸೂದು ಬ್ಯಾಡ್ರಿ, ನಿಮಗ ನೀವ ಬರಕೋರಿ," ಅಂದರು. ತೋರಿಸುವುದು ಬೇಡ ಅಂದವರು ಒಂದು ದಿನ "ತರ್ರಿ ನೋಡೂಣು" ಅನ್ನುತ್ತಾರೆ. ನಾನೂ ಮಾಸ್ತರನೇ, ನಾನೂ ಹುಡುಗರಿಗೆ ಹೀಗೇ ಹೇಳುತ್ತೇನೆ. ಆದ್ದರಿಂದ ನೋಡಿಕೊಂಡು ಬರೆಯುತ್ತೇನೆ.

ನಾನು ಹನುಮಂತ್ರಾಯ. ಹುಟ್ಟೂರು ಚೀಕಲಪರ್ವಿ, ನೌಕರಿ ಮಾನವಿಯ ಶಾಲೆಯಲ್ಲಿ. ಇಲಾಖೆಯವರು ಈ ವರ್ಷ ಓದಲು ರಾಯಚೂರಿಗೆ ಕಳಿಸಿದ್ದಾರೆ. ಅಷ್ಟು ಜನರಿರುವಾಗ ನನ್ನನ್ನೇ ಯಾಕೆ ಕಳಿಸಿದರು? ಹೆಡ್ ಮಾಸ್ತರರಿಗೆ ಏನೋ ಅನುಕೂಲ ಇದ್ದಿರಬೇಕು, ಏನೆಂದು ಇನ್ನೂ ತಿಳಿದಿಲ್ಲ. ಜಿನ್ನು ಅನ್ನುವ ಹತ್ತಿ ಕಾರ್ಖಾನೆಯ ಹಿಂದಿನ ಓಣಿಯಲ್ಲಿ, ಅನ್ವರಿ ಬೇಗಂ ಅವರ ಅಂಗಳಕ್ಕೆ ಹತ್ತಿದ ಎರಡು ಕೋಣೆಗಳನ್ನು ಬಾಡಿಗೆಗೆ ಹಿಡಿದಿದ್ದೇನೆ. ತಂಗಿ ಬಾಲಮ್ಮ ಜೊತೆಗಿದ್ದಾಳೆ. ಅವಳ ಗಂಡ, ದೇವದುರ್ಗದ ಪರಮಣ್ಣ, ತೀರಿಕೊಂಡು ಎರಡು ವರ್ಷ ದಾಟಿತು. ಆಗಿನಿಂದ ನನ್ನ ಮನೆಯೇ ಅವಳ ಮನೆ.

ನನಗೆ ಮದುವೆಯಾಗಿಲ್ಲ. ಹೆಣ್ಣು ನೋಡಲಿಲ್ಲ ಅಂತಲ್ಲ. ಮೂರು ಕಡೆ ನೋಡಿದೆ. ಮೂರು ಕಡೆಯೂ ಅಂಗಡಿಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ ಆ ಮನೆಯವರ ಬಗ್ಗೆ ವಿಚಾರಿಸಿದೆ. ಮೂರು ಕಡೆಯೂ ನಾನು ವಿಚಾರಿಸಿದ್ದು ಅವರ ಕಿವಿಗೆ ಬಿತ್ತು. ವಿಚಾರಿಸದೆ ಮದುವೆಯಾದವರ ಪಾಡನ್ನೂ ನಾನು ನೋಡಿದ್ದೇನೆ. ಬಾಲಮ್ಮ ರೊಟ್ಟಿ ಚಲೋ ಬಡಿಯುತ್ತಾಳೆ, ನನಗೆ ಯಾವ ಕೊರತೆಯೂ ಇಲ್ಲ.

೧೦ ನವೆಂಬರ್, ಶುಕ್ರವಾರ

ಇವತ್ತು ರಷ್ಯಾದವನ ನಾಯಿ. ಗಂಟೆ ಬಾರಿಸಿ ಮಾಂಸ ಹಾಕಿ, ಗಂಟೆ ಬಾರಿಸಿ ಮಾಂಸ ಹಾಕಿ, ಕೊನೆಗೆ ಬರೀ ಗಂಟೆ ಬಾರಿಸಿದರೂ ನಾಯಿ ಜೊಲ್ಲು ಸುರಿಸಿತಂತೆ. ಇದನ್ನು ನೋಡಲು ರಷ್ಯಾಕ್ಕೆ ಯಾಕೆ ಹೋಗಬೇಕು? ನಮ್ಮ ಶಾಲೆಯ ಉಪ್ಪಿಟ್ಟಿನ ಗಂಟೆ ಸಾಕಲ್ಲ. ಆದರೆ ಈ ವರ್ತನಾವಾದಿಗಳ ಒಂದು ಮಾತು ನನಗೆ ಹಿಡಿಸಿತು. ಮನುಷ್ಯ ಬಾಯಲ್ಲಿ ಏನು ಹೇಳುತ್ತಾನೆ ಅನ್ನುವುದನ್ನು ಅವರು ನಂಬುವುದಿಲ್ಲ, ಏನು ಮಾಡುತ್ತಾನೆ ಅಷ್ಟನ್ನೇ ನೋಡುತ್ತಾರೆ. ನನ್ನ ಸ್ವಭಾವಕ್ಕೆ ಹೊಂದುವ ಪಂಥ ಇದು.

ಸಂಜೆ ಮನೆಯಲ್ಲೇ ನೋಡಲು ಕುಳಿತೆ. ಪಾಳಿ ಬಿಡುವ ಹೊತ್ತಿಗೆ ಜಿನ್ನಿನ ಭೋಂಗಾ ಕೂಗಿತು. ಕೂಗಿದ್ದೇ ತಡ, ಬಾಲಮ್ಮ ತಲೆ ಸವರಿಕೊಂಡು, ಕೊಡ ಎತ್ತಿ ಓಣಿಯ ತುದಿಯ ಬೋರಿಂಗಿಗೆ ಹೊರಟಳು. ಕೊಡದ ತುಂಬ ನೀರಿತ್ತು. ಅದನ್ನು ಬಾಗಿಲ ಮುಂದೆ ಚೆಲ್ಲಿ ಖಾಲಿ ಕೊಡ ಹೊತ್ತು ಹೋದಳು. ತುಂಬಿದ ಕೊಡ ಚೆಲ್ಲಿ ತುಂಬಿಕೊಂಡು ಬರುವುದು ಯಾವ ಬುದ್ಧಿವಂತಿಕೆ? ಕೇಳಿದರೆ, "ಹಳೇ ನೀರಣ್ಣಾ," ಅಂದಳು. ಮುಂಜಾನೆ ತುಂಬಿದ ನೀರು ಸಂಜೆಗೆ ಹಳತಾಯಿತಂತೆ.

೧೯ ನವೆಂಬರ್, ರವಿವಾರ

ಕಾಯಿಪಲ್ಯಕ್ಕೆ ಇಬ್ಬರೂ ಹೋಗಿದ್ದೆವು. ಬಾಲಮ್ಮ ಬೂದಗುಂಬಳಕಾಯಿಯ ರಾಶಿಯ ಮುಂದೆ ನಿಂತು, "ಈ ಬಿಳಿ ಕುಂಬಳಕಾಯಿ ಹೆಂಗ ಕೊಟ್ಟಿ?" ಎಂದು ಕೇಳಿದಳು. ಮಾರುವವಳು ನಕ್ಕು, "ಬೂದಗುಂಬಳ ಅನ್ನು ಯವ್ವಾ. ಬಿಳಿ ಅಂದ್ರ ಯಾರು ಕೊಡ್ತಾರ?" ಅಂದಳು. ಬಾಲಮ್ಮ ಮುಖ ಕೆಂಪಗೆ ಮಾಡಿಕೊಂಡು, "ಅದ, ಅದ. ಬಿಳೇದು," ಅಂದಳೇ ಹೊರತು ಆ ಹೆಸರು ಹೇಳಲಿಲ್ಲ.

ಚೀಕಲಪರ್ವಿಯ ಹಿತ್ತಲಲ್ಲಿ ಆ ಬಳ್ಳಿಯನ್ನು ಅವಳೇ ಹಚ್ಚಿ ಬೆಳೆಸಿದವಳು. ಹೆಸರು ಮರೆತಿರಲು ಸಾಧ್ಯವಿಲ್ಲ. ಮನೆಗೆ ಬಂದ ಮೇಲೆ ಇನ್ನೊಂದು ಗಮನಿಸಿದೆ. ಪಾತ್ರೆ ತಿಕ್ಕುವಾಗ, "ಅಣ್ಣಾ, ಆ ಒಲಿ ಹಿಟ್ಟು ಇಲ್ಲಿ ಸರಿಸು," ಅಂದಳು. ಒಲಿ ಹಿಟ್ಟು! ಬೂದಿಗೆ ಬೂದಿ ಅನ್ನಲು ಇವಳಿಗೇನು ಧಾಡಿ? ಇದನ್ನು ಬರೆದಿಟ್ಟುಕೊಳ್ಳುತ್ತೇನೆ.

೨೮ ನವೆಂಬರ್, ಮಂಗಳವಾರ

ಓಣಿಯ ಬೋರಿಂಗ್ ಕೆಟ್ಟಿತ್ತು. ಜಿನ್ನಿನ ಫಿಟ್ಟರ್ ಬಂದು ಬಿಚ್ಚಿ ಹೊಸ ವಾಶರ್ ಹಾಕಿ ಕೊಟ್ಟ. ಸಣಕಲು ಆಳು, ಮೀಸೆಯ ಮೇಲೂ ಹತ್ತಿಯ ಎಳೆ. ಇಡೀ ಓಣಿ ಅವನನ್ನು ಫಿಟ್ಟರ್ ಅಂತಲೇ ಕರೆಯುತ್ತದೆ. ನಾನು ದುಡ್ಡು ಕೊಡಲು ಹೋದರೆ, "ಬ್ಯಾಡ್ರಿ ಮಾಸ್ತರ್ರ, ನೀರಿನ ಕೆಲಸಕ್ಕ ಯಾರರ ರೊಕ್ಕ ಇಸಗೋತಾರೇನ್ರಿ?" ಅಂದ. ದುಡ್ಡು ಬೇಡ ಅನ್ನುವವನ ಮೇಲೆ ಒಂದು ಕಣ್ಣಿಟ್ಟಿರಬೇಕು. ಅವನಿಗೆ ಬೇರೆ ಏನೋ ಬೇಕಾಗಿರುತ್ತದೆ. ಬಹುಶಃ ಅನ್ವರಿ ಬೇಗಂ ಅವರ ಕೋಣೆಗಳ ಮೇಲೆ ಕಣ್ಣಿರಬಹುದು, ನನ್ನನ್ನು ಬಿಡಿಸಿ ತಾನು ಬಾಡಿಗೆಗೆ ಬರಲು.

ಬಾಲಮ್ಮ ಕೇಳದೆಯೇ ಅವನಿಗೆ ಚಹಾ ಮಾಡಿ ಕೊಟ್ಟಳು. ಬೆಲ್ಲ ಹೆಚ್ಚು ಹಾಕಿದ್ದಳು. ನನ್ನ ಚಹಾ ಸಪ್ಪಗಿತ್ತು.

೨ ಡಿಸೆಂಬರ್, ಶನಿವಾರ

ಇವತ್ತಿನ ಪಾಠ ವಿಯೆನ್ನಾದ ವೈದ್ಯನದು. ವಹೀದ್ ಸರ್ ಬೋರ್ಡಿನ ಮೇಲೆ ಹಗೇವಿನ ಚಿತ್ರ ಬರೆದರು. ನೆಲದೊಳಗೆ ಜೋಳ ತುಂಬಿಡುವ ಹಗೇವು ನಮಗೆಲ್ಲ ಗೊತ್ತು. ಮನಸ್ಸಿನಲ್ಲೂ ಅಂಥದೊಂದು ಇದೆಯಂತೆ. ಬೇಡವಾದದ್ದು, ನೆನೆಯಲಾರದ್ದು ಎಲ್ಲ ಅದರೊಳಗೆ ಹೋಗುತ್ತದೆ, ಮೇಲೆ ಮಣ್ಣು ಮುಚ್ಚಿ ನಾವು ಅದರ ಮೇಲೆಯೇ ಓಡಾಡುತ್ತೇವೆ. ಒಳಗಿರುವುದು ಸುಮ್ಮನಿರುವುದಿಲ್ಲ. ಮಾತು ತಡವರಿಸುವಲ್ಲಿ, ಹೆಸರು ಮರೆಯುವಲ್ಲಿ ಹೊರಗೆ ಬರುತ್ತದೆ.

ಅದನ್ನು ಹಿಡಿಯಲು ಒಂದು ಪರೀಕ್ಷೆಯಿದೆ. ಒಂದೊಂದೇ ಶಬ್ದ ಹೇಳುವುದು, ಎದುರಿನವರು ತಟ್ಟನೆ ಹೊಳೆದದ್ದನ್ನು ಹೇಳಬೇಕು. ಎಲ್ಲಿ ತಡವಾಯಿತೋ ಅಲ್ಲಿ ಏನೋ ಹೂತಿದೆ. "ಕುಂಬಳಕಾಯಿ ಕಳ್ಳ ಅಂದ್ರ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ಅದ ಇದು," ಅಂದರು ಸರ್. ಎಲ್ಲರೂ ನಕ್ಕರು, ನಾನು ನಗಲಿಲ್ಲ. ಕುಂಬಳಕಾಯಿ ಅಂದ ಕೂಡಲೇ ನನಗೆ ಬಾಲಮ್ಮನ ಕೆಂಪು ಮುಖ ಕಣ್ಣೆದುರು ಬಂತು.

೩ ಡಿಸೆಂಬರ್, ರವಿವಾರ

ಪರೀಕ್ಷೆ ಮಾಡಿದೆ. ಬಾಲಮ್ಮ ರೊಟ್ಟಿ ಬಡಿಯುತ್ತಿದ್ದಳು. ನಾನು ಹೊಸ್ತಿಲ ಮೇಲೆ ಕುಳಿತು, "ಬಾಲವ್ವಾ, ಒಂದು ಆಟ ಆಡೂಣು. ನಾ ಒಂದು ಮಾತು ಹೇಳ್ತೀನಿ, ನಿನಗ ಹೊಳದಿದ್ದು ತಡಾ ಮಾಡದ ಹೇಳು," ಅಂದೆ.

"ಇದ್ಯಾತರ ಆಟ ಅಣ್ಣಾ, ರೊಟ್ಟಿ ಹೊತ್ತತಾವ."

"ಹೊತ್ತಲಿ. ನೀರು."

"ಬೋರಿಂಗು."

"ಕುರಿ."

"ಉಣ್ಣಿ," ಎಂದು ನಕ್ಕಳು. ಉಣ್ಣೆ ಅಂದಳೋ ಉಣ್ಣೆಹುಳ ಅಂದಳೋ ಕೇಳಲಿಲ್ಲ.

"ದೇವದುರ್ಗ."

"ಪರಮಣ್ಣ."

ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ, ಗಂಡ ಸತ್ತ ಮೇಲೂ ಹೇಳುವುದಿಲ್ಲ. ಅವನು ಬದುಕಿದ್ದಾಗ ಇವಳು ಒಂದು ದಿನ ಆ ಹೆಸರೆತ್ತಿದವಳಲ್ಲ. 'ಅವರು' ಅನ್ನುತ್ತಿದ್ದಳು, 'ನಿಮ್ಮ ದೇವದುರ್ಗದವರು' ಅನ್ನುತ್ತಿದ್ದಳು. ಈಗ ಪಕ್ಕದ ಮನೆಯವನ ಹೆಸರು ಹೇಳಿದ ಹಾಗೆ ಹೇಳಿಬಿಟ್ಟಳು, ಕೈಯೊಳಗಿನ ರೊಟ್ಟಿ ಕೂಡ ನಿಲ್ಲಲಿಲ್ಲ. ನಾನು ಸುಧಾರಿಸಿಕೊಂಡು ಮುಂದಿನ ಶಬ್ದ ಹೇಳಿದೆ.

"ಬೂದಿ."

ಈಗ ಕೈ ನಿಂತಿತು. ತವದ ಮೇಲಿನ ರೊಟ್ಟಿ ಕಪ್ಪಾಗಿ ಹೊಗೆ ಎದ್ದಿತು. ನನ್ನನ್ನು ನೋಡಿದಳು, ಒಲೆಯನ್ನು ನೋಡಿದಳು, ಬಾಗಿಲ ಕಡೆ ನೋಡಿದಳು. "ಸಾಕು ನಿನ್ನ ಆಟ," ಎಂದು ಎದ್ದು ಹೋದಳು.

ಗಂಡನ ಹೆಸರಿಗೆ ನಡುಗದವಳು ಬೂದಿ ಅಂದರೆ ನಡುಗುತ್ತಾಳೆ. ಬೂದಿ ಅಂದರೆ ಸುಡುಗಾಡು, ಸಾವು. ವಿಯೆನ್ನಾದವನು ಸಾಮಾನ್ಯನಲ್ಲ.

೬ ಡಿಸೆಂಬರ್, ಬುಧವಾರ

ಕ್ಲಾಸು ಮುಗಿದ ಮೇಲೆ ವಹೀದ್ ಸರ್ ಹತ್ತಿರ ಹೋಗಿ, ನನ್ನ ಗೆಳೆಯನ ಮನೆಯಲ್ಲಿ ಹೀಗೊಂದು ಕೇಸಿದೆ ಎಂದು ಕೇಳಿದೆ. ಸರ್ ಕನ್ನಡಕ ತೆಗೆದು ಒರೆಸಿಕೊಂಡರು. "ನಿಮ್ಮ ಗೆಳ್ಯಾಗ ಹೇಳ್ರಿ, ಹಗೇವಿನ ಬಾಯಿ ತೆಗೆದ ಕೂಡ್ಲೆ ಯಾರೂ ಒಳಗ ಇಳಿಯಂಗಿಲ್ಲ. ಕೆಟ್ಟ ಗಾಳಿ ಇರ್ತದ, ಇಳದಾಂವ ಸಾಯ್ತಾನ. ಅದಕ್ಕ ತಿಳದಾಂವ ಬೇಕು, ಪುರಸೊತ್ತು ಬೇಕು. ಮನಿಯವರ ಮ್ಯಾಲೆ ಈ ಪರೀಕ್ಷಾ ಎಲ್ಲಾ ಮಾಡೂದು ಬ್ಯಾಡ."

ಆಮೇಲೆ ಇನ್ನೊಂದು ಹೇಳಿದರು. ಕೆಲವರು ತಮ್ಮ ಹಗೇವಿನಲ್ಲಿ ಇರುವುದನ್ನು ಇನ್ನೊಬ್ಬರ ಅಂಗಳದಲ್ಲಿ ಕಾಣುತ್ತಾರಂತೆ. ಅದಕ್ಕೆ ಪ್ರಕ್ಷೇಪಣ ಅನ್ನುತ್ತಾರೆ. ನನ್ನ ಬೆಂಚಿನ ಜಂಬಣ್ಣನಿಗೆ ಈ ರೋಗ ಇದೆ, ನನ್ನ ಪೆನ್ನು ತಾನು ತೆಗೆದುಕೊಂಡು ನನ್ನನ್ನೇ ಕಳ್ಳನ ಹಾಗೆ ನೋಡುತ್ತಾನೆ. ಸರ್ ಅವನನ್ನು ನೆನಸಿಕೊಂಡೇ ಹೇಳಿರಬೇಕು.

೧೪ ಡಿಸೆಂಬರ್, ಗುರುವಾರ

ಜರ್ಮನಿಯವರ ಪಂಥ. ಅವರಲ್ಲೊಬ್ಬ ಕೋತಿಯೊಂದನ್ನು ಪಂಜರದಲ್ಲಿ ಕೂಡಿಹಾಕಿ, ಹೊರಗೆ ಬಾಳೆಹಣ್ಣು ಇಟ್ಟನಂತೆ. ಒಳಗಿದ್ದ ಕೋಲುಗಳೆರಡೂ ಗಿಡ್ಡ. ಕೋತಿ ಬಹಳ ಹೊತ್ತು ಒದ್ದಾಡಿ, ಸುಮ್ಮನೆ ಕುಳಿತು, ಆಮೇಲೆ ಒಮ್ಮೆಲೇ ಒಂದು ಕೋಲಿಗೆ ಇನ್ನೊಂದನ್ನು ಸಿಕ್ಕಿಸಿ ಹಣ್ಣು ಎಳೆದುಕೊಂಡಿತಂತೆ. ಒಳನೋಟ ಅನ್ನುತ್ತಾರೆ. ಪರೀಕ್ಷೆಗೆ ಬರುವಂಥದ್ದಲ್ಲ.

ನನಗೆ ಬೇರೆ ಯೋಚನೆ. ಪರಮಣ್ಣ ವಾಂತಿಭೇದಿಯಾಗಿ ಒಂದೇ ದಿನದಲ್ಲಿ ಹೋದ. ಗಟ್ಟಿ ಆಳು, ಕುರಿ ಹೊತ್ತು ಹಳ್ಳ ದಾಟುವವನು. ಅಂಥವನು ಹಾಗೆ ಹೋಗುತ್ತಾನೆಯೇ? ಆ ತಿಂಗಳು ನನಗೆ ವಿಷಮಜ್ವರ, ಮಾನವಿಯಲ್ಲಿ ಎಚ್ಚರವಿಲ್ಲದೆ ಮಲಗಿದ್ದೆ. ಹಾಗಾಗಿ ನನಗೆ ಏನೂ ಸರಿಯಾಗಿ ನೆನಪಿಲ್ಲ. ಆದರೆ ಗಂಡನಿಗೆ ಉಣ್ಣಲು ನೀಡಿದವಳು ಹೆಂಡತಿಯಲ್ಲದೆ ಇನ್ಯಾರು? ಪಾಷಾಣವೂ ಬೂದಿಯ ಬಣ್ಣದ್ದೇ. ಅವಳು ಬಡಿದ ರೊಟ್ಟಿಯನ್ನೇ ಎರಡು ವರ್ಷದಿಂದ ತಿನ್ನುತ್ತಿದ್ದೇನೆ.

೨೧ ಡಿಸೆಂಬರ್, ಗುರುವಾರ

ಕೇಳಿಬಿಟ್ಟೆ. ಕೇಳಬಾರದಿತ್ತು ಅಂತ ಈಗ ಅನಿಸುತ್ತಿದೆ, ಆದರೆ ಇಷ್ಟು ದಿನ ತಡೆದದ್ದೇ ಹೆಚ್ಚು. ಅವಳ ಸೆರಗಿಗೆ ಹತ್ತಿಯ ಎಳೆ ಅಂಟಿತ್ತು. ಜಿನ್ನಿಗೆ ಹೋಗದವಳ ಸೆರಗಿಗೆ ಅದು ಹೇಗೆ ಬಂತು ಎಂದು ಕೇಳಿದೆ. "ಗಾಳೀಗೆ ಬಂದಿರ್ತದ," ಅಂದಳು. ಎಲ್ಲದಕ್ಕೂ ಒಂದು ಉತ್ತರ ಇವಳ ಹತ್ತಿರ. ನನಗೆ ಸಿಟ್ಟು ನೆತ್ತಿಗೇರಿತು.

"ಪರಮಣ್ಣ ಸಾಯೂ ದಿನ ಅವಗ ಏನು ಉಣ್ಣಾಕ ಕೊಟ್ಟಿದ್ದಿ?"

ಬಾಲಮ್ಮನಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ಕೈಯಲ್ಲಿದ್ದ ಚರಿಗೆಯನ್ನು ಮೆಲ್ಲಗೆ ಕೆಳಗಿಟ್ಟಳು. ಅಳುತ್ತಾಳೆ ಅಂದುಕೊಂಡೆ, ಅಳಲಿಲ್ಲ.

"ಅಣ್ಣಾ, ಅವತ್ತು ನಾ ಎಲ್ಲಿದ್ದೆ?"

"ನನಗೇನು ಗೊತ್ತು? ನನಗ ಮೈಮ್ಯಾಲೆ ಖಬರ ಇರಲಿಲ್ಲ."

"ಅದನ್ನ ನನ್ನ ಬಾಯಿಲೆ ಹೇಳಿಸಬ್ಯಾಡ. ನೀನ ನೆನಸಿಕೋ," ಅಂದು ಒಳಗೆ ಹೋದಳು.

ತಪ್ಪಿಲ್ಲದವರು ನೇರವಾಗಿ ಉತ್ತರ ಹೇಳುತ್ತಾರೆ. ಇವಳು ಹೇಳಲಿಲ್ಲ.

೨೩ ಡಿಸೆಂಬರ್

ಮಾತಿಲ್ಲ. ರೊಟ್ಟಿ ಮಾಡಿ ಮುಚ್ಚಿಡುತ್ತಾಳೆ. ಭೋಂಗಾ ಕೂಗಿದರೂ ಬೋರಿಂಗಿಗೆ ಹೋಗುತ್ತಿಲ್ಲ. ನಾಳಿದ್ದು ರಜೆ. ದೇವದುರ್ಗಕ್ಕೆ ಹೋಗಿ ಪರಮಣ್ಣನ ತಾಯಿಯನ್ನೇ ಕೇಳುತ್ತೇನೆ.

೨೫ ಡಿಸೆಂಬರ್, ಸೋಮವಾರ. ದೇವದುರ್ಗ

ಬಸ್ ಸ್ಟ್ಯಾಂಡಿನಲ್ಲಿ ಕುಳಿತು ಬರೆಯುತ್ತಿದ್ದೇನೆ. ರಾಯಚೂರಿನ ಬಸ್ಸು ಇನ್ನೂ ಬಂದಿಲ್ಲ, ಬರುವುದು ಬೇಡ ಅನಿಸುತ್ತಿದೆ.

ಪರಮಣ್ಣನ ತಾಯಿ ಯಮನಮ್ಮ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಳು. ನನ್ನನ್ನು ನೋಡಿ, "ಬಾರಪ್ಪಾ ಮಾಸ್ತರ, ಬಾಲಿ ಚಲೋ ಇದ್ದಾಳಿಲ್ಲ?" ಎಂದು ನೀರು ಕೊಟ್ಟಳು. ನಾನು ನೀರು ಕುಡಿದೆ, ಆಮೇಲೆ ನಾಚಿಕೆಯಿಲ್ಲದೆ ಕೇಳಿದೆ. ಕೊನೆಯ ದಿನ ಪರಮಣ್ಣನಿಗೆ ಉಣ್ಣಲು ನೀಡಿದವರು ಯಾರು?

"ನಾನ ನೀಡಿದೆ. ಮತ್ಯಾರು ನೀಡ್ತಾರ?" ಅಂದಳು ಮುದುಕಿ. "ಬಾಲಿ ಎಲ್ಲಿದ್ಲು ಇಲ್ಲಿ? ನಿನಗ ವಿಷಮಜ್ವರ ಬಂದದ ಅಂತ ಮಾನವಿಗೆ ಬಂದಿದ್ಲು. ನನ್ನ ಮಗನ ಅಕಿನ್ನ ಕಳಿಸಿದ್ದ, ಅಣ್ಣಗ ಯಾರೂ ಇಲ್ಲ, ಹೋಗಿ ನೋಡಿಕೋ ಅಂತ. ಇಲ್ಲಿ ಊರಿಗೆಲ್ಲ ವಾಂತಿಭೇದಿ ಬಡದಿತ್ತು, ನಮ್ಮ ಓಣ್ಯಾಗ ನಾಕು ಮಂದಿ ಹೋದ್ರು. ಖಬರ ಮುಟ್ಟಿ ಅಕಿ ಬರೂದ್ರಾಗ ಮಣ್ಣಾಗಿತ್ತು. ಗಂಡನ ಮುಖ ನೋಡಲಿಲ್ಲಪ ಅಕಿ."

ಆಗ ನನಗೆ ಒದ್ದೆ ಬಟ್ಟೆ ನೆನಪಾಯಿತು. ಹಣೆಯ ಮೇಲೆ ಯಾರೋ ಒದ್ದೆ ಬಟ್ಟೆ ಹಾಕುತ್ತಿದ್ದರು, ಅನ್ನದ ಗಂಜಿ ಕುಡಿಸುತ್ತಿದ್ದರು, ಒಂದು ದಿನ ಆ ಕೈ ಇರಲಿಲ್ಲ. ಎರಡು ವರ್ಷ ನನಗೆ ಇದು ನೆನಪಾಗಿರಲಿಲ್ಲ. ಅವಳೂ ಒಂದು ದಿನ ಬಾಯಿಬಿಟ್ಟು ಹೇಳಿರಲಿಲ್ಲ. ಪರಮಣ್ಣನನ್ನು ಸುಡಲೇ ಇಲ್ಲ, ನಮ್ಮವರು ಹೂಳುತ್ತಾರೆ. ನಾನು ಯಾವ ಬೂದಿಯ ಬಗ್ಗೆ ಯೋಚಿಸುತ್ತಿದ್ದೆನೋ ಏನೋ.

ಯಮನಮ್ಮ ಮೊರ ಕೆಳಗಿಟ್ಟಳು. "ನೀ ಬಂದದ್ದು ಚಲೋ ಆತು. ನಾನ ಹೇಳಿ ಕಳಿಸಬೇಕಂತಿದ್ದೆ. ದಸರಾಕ್ಕ ಬಾಲಿ ನನ್ನ ನೋಡಾಕ ಬಂದಿದ್ಲು. ಇಲ್ಲೇ ಕುಂತು ಮಾತಾಡ್ತ ಮಾತಾಡ್ತ 'ಪರಮಣ್ಣ' ಅಂದ್ಲು. ಹೆಸರು ಹೇಳಿದ್ದು ಅಕಿಗೇ ಗೊತ್ತಾಗಲಿಲ್ಲ, ನನಗ ಗೊತ್ತಾತು. ಆ ಜಾಗಾದಾಗ ಇನ್ನೊಂದು ಹೆಸರು ಬಂದು ಕುಂತದ. ಅವತ್ತ ನನ್ನ ಮಗ ಪೂರಾ ಸತ್ತ."

ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ಅಂದಳು. "ಅಕಿ ಮ್ಯಾಲೆ ನನಗ ಸಿಟ್ಟಿಲ್ಲಪ. ಹರೇದ ಹುಡುಗಿ, ಎಷ್ಟು ದಿನ ಅಂತ ಇನ್ನೊಬ್ಬರ ಒಲಿ ಊದಬೇಕು? ಈ ಮನಿ ಋಣ ನಾ ಬಿಟ್ಟೀನಿ ಅಂತ ಹೇಳು. ಉಡಿಕಿ ಮಾಡಿ ಕೊಡು."

ಉಡಿಕಿ ಅಂದರೆ ಗಂಡ ಸತ್ತವಳಿಗೆ ಹೊಸ ಸೀರೆ ಉಡಿಸಿ ಇನ್ನೊಬ್ಬನಿಗೆ ಕೊಡುವುದು. ನಮ್ಮಲ್ಲಿ ಇದೆ. ಆದರೆ ನನಗೆ ಆ ಶಬ್ದ ಇಷ್ಟು ದಿನ ಹೊಳೆದಿರಲಿಲ್ಲ. ಇನ್ನೊಬ್ಬರ ಒಲೆ ಅಂದಳಲ್ಲ, ಅದು ನನ್ನ ಒಲೆ. ಬಸ್ಸು ಬಂತು.

ಅದೇ ದಿನ, ಬಸ್ಸಿನಲ್ಲಿ

ಅವಳ ಬಾಯಲ್ಲಿ ಬರದ ಹೆಸರು ಯಾವುದು? ಬೂದಿ ಬರುವುದಿಲ್ಲ. ಬೂದಗುಂಬಳ ಬರುವುದಿಲ್ಲ. ಸೆರಗಿನ ಮೇಲೆ ಹತ್ತಿಯ ಎಳೆ. ಜರ್ಮನಿಯ ಕೋತಿ ನನಗಿಂತ ವಾಸಿ.

೨೬ ಡಿಸೆಂಬರ್, ಮಂಗಳವಾರ

ಮುಂಜಾನೆ ಅನ್ವರಿ ಬೇಗಂ ಅಂಗಳ ಗುಡಿಸುತ್ತಿದ್ದರು. ಆ ಫಿಟ್ಟರನ ಹೆಸರೇನು ಎಂದು ಕೇಳಿದೆ.

"ಬೂದೆಪ್ಪ ಅಲ್ಲೇನ್ರಿ," ಅಂದರು. "ಚಂದ್ರಬಂಡದಾಂವ, ನಿಮ್ಮ ಪೈಕಿನ. ಹೆಂಡ್ತಿ ಹೋಗಿ ಬಾಳ ದಿನ ಆತು ಪಾಪ. ಯಾಕ್ ಮಾಸ್ಟರ್ ಸಾಬ್, ಬಾಡಿಗಿಗೆ ಬರೂ ಮುಂಚೆ ನನ್ನ ಮನಿ ಗೋಡಿ ಬಗ್ಗೆ ಸುದ್ದಾ ಓಣಿ ತುಂಬಾ ಕೇಳಿದ್ರಿ. ದಿನಾ ನೋಡೂ ಮನುಷ್ಯಾನ ಹೆಸರು ಕೇಳಲಿಲ್ಲ? ಬಹುತ್ ಶಕ್ಕಿ ಇದ್ದೀರಿ ನೀವು, ಆದ್ರ ಕಾಮ್‌ದು ಶಕ್ ಒಂದೂ ಇಲ್ಲ."

ಶಕ್ಕಿ ಅಂದರೆ ಸಂಶಯದ ಪ್ರಾಣಿ, ಕಾಮ್‌ದು ಅಂದರೆ ಕೆಲಸಕ್ಕೆ ಬರುವಂಥದ್ದು. ಬಾಡಿಗೆ ಕೊಡುವವನಿಗೆ ಹೀಗೆ ಮುಖದ ಮೇಲೆ ಹೇಳುತ್ತಾರೆ. ನಾನು ಹಲ್ಲು ತಿಕ್ಕಲು ಹೋದೆ.

೩೦ ಡಿಸೆಂಬರ್, ಶನಿವಾರ

ವಿಚಾರಿಸೋಣ ಎಂದು ಜಿನ್ನಿನ ಗೇಟಿನವರೆಗೆ ಹೋದೆ. ಕುಡಿಯುತ್ತಾನೆಯೇ, ಇಸ್ಪೀಟು ಆಡುತ್ತಾನೆಯೇ, ಮೊದಲ ಹೆಂಡತಿ ಹೇಗೆ ಸತ್ತಳು? ವಾಚ್‌ಮನ್, "ಯಾರು ಬೇಕಾಗಿತ್ರಿ?" ಎಂದು ಕೇಳಿದ. ಗೇಟಿನೊಳಗೆ ಬೂದೆಪ್ಪ ಕಾಣುತ್ತಿದ್ದ, ಯಾವುದೋ ಚಕ್ರದ ಕೆಳಗೆ ಮಲಗಿ ಬೋಲ್ಟು ಬಿಗಿಯುತ್ತಿದ್ದ. ನನ್ನ ಬಾಯಲ್ಲಿ ಮೂರು ಪ್ರಶ್ನೆಗಳಿದ್ದವು. "ಯಾರೂ ಇಲ್ಲ," ಎಂದು ವಾಪಸು ಬಂದೆ. ಬಿಸಿಲು ಬಹಳ ಇತ್ತು, ಅದಕ್ಕೆ ಬಂದೆ.

ಅವಳು ಹೋದರೆ ಯಾರು ರೊಟ್ಟಿ ಬಡಿಯುತ್ತಾರೆ? ಇದನ್ನು ಬರೆದ ಮೇಲೆ ಹೊಡೆದುಹಾಕಬೇಕು ಅನಿಸಿತು, ಹಾಕಲಿಲ್ಲ. ಕಂಡದ್ದನ್ನು ಕಂಡ ಹಾಗೆ ಬರೆಯಬೇಕಂತೆ.

೫ ಜನವರಿ ೧೯೭೯, ಶುಕ್ರವಾರ

ವಹೀದ್ ಸರ್ ಚಿಕಿತ್ಸೆಗಳ ಪಾಠ ಶುರು ಮಾಡಿದ್ದಾರೆ. ವಿಯೆನ್ನಾದವರು ಅಗೆಯುತ್ತಾರೆ. ನಾಯಿಯವರು ರೂಢಿ ತಿದ್ದುತ್ತಾರೆ. ಅಮೆರಿಕದಲ್ಲಿ ಒಬ್ಬರು ಬೇರೆ ದಾರಿ ಹಿಡಿದಿದ್ದಾರಂತೆ. ಅವರು ಪ್ರಶ್ನೆ ಕೇಳುವುದಿಲ್ಲ, ಬುದ್ಧಿ ಹೇಳುವುದಿಲ್ಲ, ಎದುರಿಗೆ ಕುಳಿತು ಕೇಳಿಸಿಕೊಳ್ಳುತ್ತಾರೆ. ಬಂದವರ ನೋವು ಬಂದವರಿಗೇ ಗೊತ್ತಿರುತ್ತದೆ, ದಾರಿಯೂ ಅವರಿಗೇ ಗೊತ್ತಿರುತ್ತದೆ ಅನ್ನುತ್ತಾರಂತೆ.

ಜಂಬಣ್ಣ ಎದ್ದು, "ಸುಮ್ಮನ ಕುಂತು ಕೇಳೂದಕ್ಕ ಓದಬೇಕೇನ್ರಿ ಸರ್?" ಅಂದ. "ಮಾಡಿ ನೋಡ್ರಿ. ಎಲ್ಲಾಕಿಂತ ಕಷ್ಟ ಅದು," ಅಂದರು ಸರ್. ನನ್ನ ಕಡೆಗೇ ನೋಡಿದ ಹಾಗಿತ್ತು. ಪೆನ್ನು ಜಂಬಣ್ಣನ ಬಳಿ ಇಲ್ಲ, ನನ್ನ ಇನ್ನೊಂದು ಅಂಗಿಯ ಕಿಸೆಯಲ್ಲಿ ಸಿಕ್ಕಿತು.

೭ ಜನವರಿ, ರವಿವಾರ

ಒಲೆಯ ಎದುರು ಹೋಗಿ ಕುಳಿತೆ. ಬಾಲಮ್ಮ ಒಮ್ಮೆ ನೋಡಿದಳು, ಹಿಟ್ಟು ನಾದಿದಳು. ನಾನು ಏನೂ ಕೇಳಲಿಲ್ಲ. ಇಷ್ಟು ಕಷ್ಟ ಅಂತ ಗೊತ್ತಿರಲಿಲ್ಲ. ಬಾಯೊಳಗೆ ಪ್ರಶ್ನೆಗಳು ಗದ್ದಲ ಹಾಕುತ್ತಿದ್ದವು, ತುಟಿ ಬಿಗಿಹಿಡಿದೆ. ರೊಟ್ಟಿಗಳೆಲ್ಲ ಮುಗಿದವು. ಅವಳು ತವ ಇಳಿಸಿ, ಬೆನ್ನು ಗೋಡೆಗೆ ಆನಿಸಿ ಕುಳಿತಳು.

"ದೇವದುರ್ಗಕ್ಕ ಹೋಗಿದ್ದಿಯಂತ."

"ಹೂಂ."

"ಅತ್ತಿ ಏನಂದ್ಲು?"

"ಋಣ ಬಿಟ್ಟೀನಿ ಅಂದ್ಲು."

ಈಗ ಅತ್ತಳು. ನಾನು ಅವಳನ್ನು ಅಳಲು ಬಿಟ್ಟೆ. ಮೊದಲಾಗಿದ್ದರೆ ಯಾಕೆ ಅಳುತ್ತೀ ಎಂದು ಕೇಳುತ್ತಿದ್ದೆ, ಅಳುವಿನ ಹಿಂದೆ ಏನಿದೆ ಎಂದು ಹುಡುಕುತ್ತಿದ್ದೆ. ಬಹಳ ಹೊತ್ತಾದ ಮೇಲೆ ತಾನೇ ಮಾತಾಡಿದಳು.

"ಅಣ್ಣಾ, ನೀ ಅವತ್ತು ಕೇಳಿದ್ದು ನಾ ಸಾಯೂತನಕ ಮರಿಯಂಗಿಲ್ಲ. ನಿನ್ನ ಹತ್ರ ಇದ್ದೆ ಅಂತ ಪರಮಣ್ಣನ ಮುಖ ನೋಡಲಿಲ್ಲ. ಅದಕ್ಕ ನಾ ನಿನಗ ಒಂದು ಮಾತು ಅಂದಾಕಿ ಅಲ್ಲ. ನೀನ ನನ್ನ ವಿಷ ಹಾಕಿದಾಕಿ ಮಾಡಿದಿ." ಮೂಗು ಒರೆಸಿಕೊಂಡಳು. "ಇದನ್ನೂ ಕೇಳು. ಅವರದೇನೂ ತಪ್ಪಿಲ್ಲ. ಬೋರಿಂಗ್ ಹತ್ರ ಕೊಡ ಎತ್ತಿಕೊಡ್ತಾರ, ಅಷ್ಟ. ಉಡಿಕಿ ಆಗ್ತೀಯೇನು ಅಂತ ಒಮ್ಮೆ ಕೇಳ್ಯಾರ, ನಮ್ಮಣ್ಣಗ ಕೇಳ್ರಿ ಅಂದೀನಿ. ನಿನಗ ಕೇಳಾಕ ಅಂಜತಾರ. ನೀ ಬ್ಯಾಡ ಅಂದ್ರ ನಾ ಬಿಡ್ತೀನಿ. ರೊಟ್ಟಿ ಮಾಡಾಕ ನಿನ್ನ ಮನ್ಯಾಗ ಇರ್ತೀನಿ, ಆದ್ರ ಮಾತಾಡಾಕ ಇರಂಗಿಲ್ಲ."

ಅವಳು 'ಅವರು' ಅಂದಳು. ಹಿಂದೆ ಪರಮಣ್ಣನಿಗೆ ಅನ್ನುತ್ತಿದ್ದ ಹಾಗೆಯೇ ಅಂದಳು. ನನಗಾದದ್ದು ನಾಳೆಯಿಂದ ಒಬ್ಬನೇ ಎಂಬ ಹೆದರಿಕೆ, ಬೇರೇನೂ ಅಲ್ಲ. ಇಷ್ಟು ದಿನ ನಾನು ಹುಡುಕುತ್ತಿದ್ದುದು ಅವಳ ಕಳ್ಳತನವನ್ನೋ ನನ್ನ ಹೆದರಿಕೆಯನ್ನೋ, ವಹೀದ್ ಸರ್‌ಗೆ ಕೇಳಿದರೆ ಹೇಳುತ್ತಾರೆ. ನಾನು ಕೇಳುವುದಿಲ್ಲ.

"ನನ್ನ ತಪ್ಪು ಬಾಲವ್ವಾ," ಅಂದೆ. "ಬೋರಿಂಗಿಗೆ ಹೋಗು. ಭೋಂಗಾ ಆಗೂ ಹೊತ್ತಾತು."

ಅವಳು ಹೋಗಲಿಲ್ಲ. ಇವತ್ತು ರವಿವಾರ, ಜಿನ್ನಿಗೆ ರಜೆ ಎಂದು ಹೇಳಿ ನಕ್ಕಳು. ಅತ್ತ ಕಣ್ಣಲ್ಲೇ ನಕ್ಕಳು.

೪ ಫೆಬ್ರವರಿ, ರವಿವಾರ. ಚೀಕಲಪರ್ವಿ

ಉಡಿಕಿ ಆಯಿತು. ಹೊತ್ತು ಮುಳುಗಿದ ಮೇಲೆ, ಮುತ್ತೈದೆಯರ ಕಣ್ಣಿಗೆ ಬೀಳದ ಹಾಗೆ, ಹಿತ್ತಲ ಕೋಣೆಯಲ್ಲಿ ಮಾಡುವುದು ನಮ್ಮಲ್ಲಿ ಪದ್ಧತಿ. ಹಿರಿಯರು ಹಾಗೇ ಅಂದರು. ನನಗೆ ಸಿಟ್ಟು ಬಂತು. ಕತ್ತಲಲ್ಲಿ ಮಾಡುವ ಕೆಲಸದ ಮೇಲೆ ಯಾರಿಗಾದರೂ ಸಂಶಯ ಬರುತ್ತದೆ, ಹಗಲಲ್ಲೇ ಮಾಡೋಣ, ನನ್ನ ಮನೆಯ ಅಂಗಳದಲ್ಲೇ ಮಾಡೋಣ ಅಂದೆ. ಬಹಳ ಗುಣುಗುಟ್ಟಿದರು. ಕೊನೆಗೆ ಯಮನಮ್ಮ ದೇವದುರ್ಗದಿಂದ ಬಂದವಳು, "ನಾ ಬಿಡುಗಡಿ ಕೊಟ್ಟೀನಿ, ನಿಮ್ಮದೇನದ ನಡುವ?" ಅಂದ ಮೇಲೆ ಬಾಯಿ ಮುಚ್ಚಿದರು. ಸೀರೆಯನ್ನು ಅವಳೇ ಬಾಲಮ್ಮನ ಕೈಗಿಟ್ಟಳು. ಬೂದೆಪ್ಪ ಹೊಸ ಅಂಗಿ ಹಾಕಿದ್ದ, ಮೀಸೆಯಲ್ಲಿ ಮಾತ್ರ ಹತ್ತಿಯ ಎಳೆ ಹಾಗೇ ಇತ್ತು.

ಎಲ್ಲ ಮುಗಿದು ಜನ ಉಣ್ಣಲು ಏಳುವವರಿದ್ದರು. ಮದುವೆಯಲ್ಲಾದರೆ ಹೆಂಗಸರು ಹೊಸ ಸೊಸೆಯನ್ನು ಹಿಡಿದು ನಿಲ್ಲಿಸಿ ಒಡಪು ಕಟ್ಟಿ ಗಂಡನ ಹೆಸರು ಹೇಳಿಸುತ್ತಾರೆ. ಹೆಂಡತಿಯಾದವಳು ಗಂಡನ ಹೆಸರನ್ನು ಎಲ್ಲರೆದುರು ಹೇಳುವುದು ಆ ಒಂದು ದಿನ. ಉಡಿಕಿಯಾದವಳಿಗೆ ಯಾರೂ ಕೇಳುವುದಿಲ್ಲ. ಬಾಲಮ್ಮ ತಲೆ ತಗ್ಗಿಸಿ ಹೊಸ್ತಿಲ ಬಳಿ ನಿಂತಿದ್ದಳು. ನನಗೆ ಏನಾಯಿತೋ ಗೊತ್ತಿಲ್ಲ, ಗಂಡಸಾಗಿ ಹೆಂಗಸರ ಮಾತು ಆಡಿದೆ.

"ಬಾಲವ್ವಾ, ಹೆಸರು ಹೇಳು."

ಒಮ್ಮೆ ರೊಟ್ಟಿಯ ಮುಂದೆ ಕುಳಿತು ಇದೇ ಹೆಸರನ್ನು ನನಗೇ ಗೊತ್ತಿಲ್ಲದೆ ನಾನು ಅವಳ ಬಾಯಿಂದ ಎಳೆಯಲು ನೋಡಿದ್ದೆ. ಅವಳಿಗೂ ಅದೇ ನೆನಪಾಗಿರಬೇಕು. ತಲೆ ಎತ್ತಿ ನನ್ನನ್ನು ನೋಡಿದಳು. ಆಮೇಲೆ ಸೆರಗು ಸರಿಮಾಡಿಕೊಂಡು ಗಟ್ಟಿಯಾಗಿ ಹೇಳಿದಳು.

"ಬೂದಿ ಮುಚ್ಚಿದ ಕೆಂಡಕ್ಕ ಕಾವು ಹೋಗಂಗಿಲ್ಲ,
ಬೂದೆಪ್ಪನ ಹೆಸರು ಹೇಳಾಕ ಅಣ್ಣನ ಅಂಜಿಕಿಲ್ಲ."

ಹೆಂಗಸರು ಹೋ ಎಂದು ನಕ್ಕರು. ಯಮನಮ್ಮನೂ ನಕ್ಕಳು, ಕಣ್ಣೊರೆಸಿಕೊಂಡಳು. ನನಗೆ ಹೊಗೆ ಬಡಿದಿತ್ತು, ನಾನು ಹೊಳೆಯ ಕಡೆ ಹೋಗಿ ಮುಖ ತೊಳೆದುಕೊಂಡು ಬಂದೆ.

೧೧ ಫೆಬ್ರವರಿ, ರವಿವಾರ. ರಾಯಚೂರು

ಒಬ್ಬನೇ. ನಿನ್ನೆ ರೊಟ್ಟಿ ಬಡಿದೆ, ಯಾವ ಆಕಾರಕ್ಕೂ ಬರಲಿಲ್ಲ. ಅನ್ವರಿ ಬೇಗಂ ನೋಡಿ ಎರಡು ಚಪಾತಿ ಕಳಿಸಿದರು, ಯಾಕೆ ಕಳಿಸಿದರು ಎಂದು ಯೋಚಿಸದೆ ತಿಂದೆ. ಪಾತ್ರೆಗಳನ್ನು ಒಲಿ ಹಿಟ್ಟು ಹಾಕಿ ತಿಕ್ಕಿದೆ, ಚೆನ್ನಾಗಿ ಬೆಳ್ಳಗಾದವು. ವಹೀದ್ ಸರ್ ದಿನಚರಿ ತೋರಿಸಿರಿ ಎಂದು ಇವತ್ತಿನವರೆಗೂ ಕೇಳಿಲ್ಲ, ಇನ್ನು ಕೇಳುವುದಿಲ್ಲ ಅನಿಸುತ್ತದೆ.

ಮಧ್ಯಾಹ್ನ ಬಾಲಮ್ಮ ಮತ್ತು ಅವಳ ಯಜಮಾನರು ಊಟಕ್ಕೆ ಬರುವವರಿದ್ದರು. ಮುಂಜಾನೆ ಬಜಾರಿಗೆ ಹೋಗಿ, ಒಂದು ಒಳ್ಳೆಯ ಬಿಳಿ ಕುಂಬಳಕಾಯಿ ಕೊಡು ಅಂದೆ. ಮಾರುವವಳು ನನ್ನ ಮುಖ ನೋಡಿ ನಕ್ಕಳು. ಯಾಕೆ ನಕ್ಕಳೋ ತಿಳಿಯಲಿಲ್ಲ. ತಕ್ಕಡಿಯ ಕಡೆ ನೋಡಿದೆ, ಅದು ಸರಿಯಾಗಿಯೇ ಇತ್ತು.